ಅತ್ತೆಯ ಸೇವೆ ಮಾಡುತ್ತೇನೆ, ಪ್ರೀತಿ ಮಾತ್ರ ಹುಟ್ಟುತ್ತಿಲ್ಲ

ಪ್ರಶ್ನೆ: ನನಗೆ ನಲವತ್ತಾರು ವರ್ಷ. ನಮ್ಮ ಸಭೆಯ ಮಹಿಳಾ ಕೂಟದಲ್ಲಿ ಪ್ರಾರ್ಥನೆ ನಡೆಸುವವಳು ನಾನೇ. ಪಾರ್ಶ್ವವಾಯುವಾಗಿ ಅತ್ತೆ ಹಾಸಿಗೆ ಹಿಡಿದು ಮೂರು ವರ್ಷವಾಯಿತು. ಉಣ್ಣಿಸುವುದು, ಮೈ ಒರೆಸುವುದು, ಬಟ್ಟೆ ಬದಲಿಸುವುದು ಎಲ್ಲ ನನ್ನದೇ. ತವರಿನಿಂದ ಏನೂ ತರಲಿಲ್ಲವೆಂದು ಅವರು ಆಡಿದ ಮಾತು, ಎರಡನೆಯದೂ ಹೆಣ್ಣೆಂದು ಆಸ್ಪತ್ರೆಯ ಕಡೆಗೇ ಸುಳಿಯದಿದ್ದದ್ದು ಇವತ್ತಿಗೂ ಮರೆತಿಲ್ಲ. ಬಾಯಿಗೆ ಗಂಜಿ ಇಡುವಾಗಲೂ ಅದೇ ನೆನಪು. ದೇವರ ಪ್ರೀತಿಯ ಬಗ್ಗೆ ಪ್ರಸಂಗ ಕೇಳುವಾಗ ನಾನೊಬ್ಬ ಕಪಟಿ ಅನಿಸುತ್ತದೆ. ಎರಡು ಸಲ ಕರ್ತನ ಭೋಜನಕ್ಕೆ ಎದ್ದು ಹೋಗಲಿಲ್ಲ. ಗಂಡನಿಗೂ ಹೇಳಿಲ್ಲ. ನನ್ನ ವಿಶ್ವಾಸವೇ ಸುಳ್ಳೇ?
– ಹೆಸರು ಬೇಡ, ಉಡುಪಿ ಜಿಲ್ಲೆ

ಉತ್ತರ: ಸಹೋದರಿ, ಸುಳ್ಳಲ್ಲ. ಬೇರೆ ಮಾತಿಗೆ ಮುಂಚೆ ಇದನ್ನು ಹೇಳಿಬಿಡುತ್ತೇನೆ. ನಿಮ್ಮ ಪತ್ರದಲ್ಲಿ ನಿಮ್ಮನ್ನು ಹೆಚ್ಚು ಸುಡುತ್ತಿರುವುದು ಆ ಕೊನೆಯ ಸಾಲೇ.

ಅಯೋಗ್ಯವಾಗಿ ಭೋಜನದಲ್ಲಿ ಪಾಲುಗೊಳ್ಳಬಾರದೆಂದು ಪೌಲನು ಕೊರಿಂಥದವರಿಗೆ ಬರೆದದ್ದು ನಿಮ್ಮನ್ನು ತಡೆದಿರಬೇಕು. ಆ ಮೊದಲ ಪತ್ರದ 11ನೇ ಅಧ್ಯಾಯವನ್ನು 17ನೇ ವಚನದಿಂದ ಕೊನೆಯವರೆಗೆ ಒಂದೇ ಸಲಕ್ಕೆ ಓದಿ ನೋಡಿ. ಅವನ ಸಿಟ್ಟು ಮನಸ್ಸು ಬರಡಾದವರ ಮೇಲಲ್ಲ. ಅಲ್ಲಿ ಉಳ್ಳವರು ತಮ್ಮ ಊಟವನ್ನು ತಾವು ಮೊದಲೇ ಮುಗಿಸಿ, ಕೆಲವರು ಕುಡಿದು ಅಮಲೇರಿಸಿಕೊಂಡು, ಏನೂ ಇಲ್ಲದವರು ಅದೇ ಕೂಟದಲ್ಲಿ ಹಸಿದು ಕೂರುವಂತೆ ಮಾಡಿದ್ದರು. ಅದಕ್ಕೇ ಆ ಬೈಗುಳ, ಅದಕ್ಕೇ ಕೊನೆಗೆ ಒಬ್ಬರಿಗೊಬ್ಬರು ಕಾಯಬೇಕೆಂಬ ಬುದ್ಧಿಮಾತು. ಇನ್ನೊಂದನ್ನು ಗಮನಿಸಿ: ತನ್ನನ್ನು ಪರೀಕ್ಷಿಸಿಕೊಂಡವನು ದೂರ ಉಳಿಯಲಿ ಎಂದು ಪೌಲ ಹೇಳುವುದಿಲ್ಲ, ಪರೀಕ್ಷಿಸಿಕೊಂಡು ಪಾಲುಗೊಳ್ಳಲಿ ಎನ್ನುತ್ತಾನೆ. ಮೂರು ವರ್ಷದಿಂದ ಹಸಿದ ಬಾಯಿಗೆ ಗಂಜಿ ಇಡುತ್ತಾ ಬಂದವರು ಆ ಬೈಗುಳವನ್ನು ಮೈಮೇಲೆ ಎಳೆದುಕೊಳ್ಳುವುದು ಬೇಡ.

ಈಗ ಪ್ರೀತಿಯ ಮಾತಿಗೆ ಬರೋಣ. ವೈರಿಗಳನ್ನು ಪ್ರೀತಿಸಿ ಎಂದ ಯೇಸು ಅದರ ಜೊತೆಗೇ ಹೇಳಿದ ಕೆಲಸಗಳು ಲೂಕನ 6ನೇ ಅಧ್ಯಾಯದಲ್ಲಿವೆ: ಒಳ್ಳೆಯದು ಮಾಡುವುದು, ಹರಸುವುದು, ಪ್ರಾರ್ಥಿಸುವುದು, ಕೊಡುವುದು. ಮನಸ್ಸಿನಲ್ಲಿ ಅಕ್ಕರೆ ಉಕ್ಕಬೇಕೆಂಬ ಷರತ್ತು ಅಲ್ಲಿಲ್ಲ. ಉಕ್ಕಿದರೆ ಒಳ್ಳೆಯದೇ, ಆದರೆ ಅದನ್ನು ಆಜ್ಞೆ ಕೊಟ್ಟು ತರಿಸಲಾಗದು. ಗೆತ್ಸೇಮನೆಯಲ್ಲಿ ಯೇಸುವಿನ ಮನಸ್ಸೂ ಕುಣಿದು ಮುಂದೆ ಹೋಗಲಿಲ್ಲ. ಆ ಪಾತ್ರೆ ತನ್ನಿಂದ ದೂರವಾಗಲಿ ಎಂದು ಬೇಡಿದರು, ಬೆವರಿದರು, ಆಮೇಲೆ ಎದ್ದು ಹೋದರು. ಲೋಕದ ಮೇಲಿನ ದೇವರ ಪ್ರೀತಿಯೆಂದು ನಾವು ಸಾರುವುದು ಹಾಗೆ ಎದ್ದು ಹೋದದ್ದನ್ನೇ.

ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಅವರ ಖಾಸಗಿ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಅನೇಕರು ಬೆಚ್ಚಿಬಿದ್ದರು. ಕಲ್ಕತ್ತೆಯ ಬೀದಿಗಳಲ್ಲಿ ಸಾಯುತ್ತಿದ್ದವರನ್ನು ಎತ್ತಿಕೊಂಡ ಆ ಹೆಂಗಸಿಗೆ ದಶಕಗಳ ಕಾಲ ದೇವರ ಸಾನ್ನಿಧ್ಯದ ಅನುಭವವೇ ಇರಲಿಲ್ಲ, ಒಳಗೆಲ್ಲ ಕತ್ತಲು. ನಿಮ್ಮ ಸಭೆ ಬೇರೆ, ಅವರದು ಬೇರೆ. ಆದರೂ ಆ ಪತ್ರಗಳ ವಿಷಯ ನಿಮಗೆ ತಿಳಿದಿರಲಿ ಅನಿಸಿತು. ಆ ಕೈಗಳ ಕೆಲಸವನ್ನು ಕಪಟವೆನ್ನಲು ನನ್ನಿಂದಾಗದು. ನಿಮ್ಮದನ್ನೂ ಅಷ್ಟೇ.

ಆದರೆ ಒಂದು ಪ್ರಶ್ನೆ ಕೇಳಲೇಬೇಕು, ಮುಚ್ಚುಮರೆ ಇಲ್ಲದೆ ನಿಮಗೆ ನೀವೇ ಉತ್ತರಿಸಿಕೊಳ್ಳಿ. ಆ ಹಳೆಯ ಸಿಟ್ಟು ಕೈಗೆ ಇಳಿದ ದಿನ ಇದೆಯೇ? ಮಗ್ಗುಲು ತಿರುಗಿಸುವಾಗ ರಟ್ಟೆ ಹಿಡಿದು ಎಳೆದದ್ದು, ಒದ್ದೆ ಬಟ್ಟೆ ಗೊತ್ತಿದ್ದೂ ತಡಮಾಡಿ ಬದಲಿಸಿದ್ದು, ಮಾತು ಹೊರಡದ ಅವರಿಗೆ ಹಳೆಯ ಲೆಕ್ಕ ಒಪ್ಪಿಸಿದ್ದು? ಇದ್ದರೆ ಪರೀಕ್ಷಿಸಿಕೊಳ್ಳಬೇಕಾದದ್ದು ಅದನ್ನು. ದೇವರ ಮುಂದೆ ಒಪ್ಪಿಕೊಳ್ಳಿ, ಅತ್ತೆಯ ಬಳಿಯೂ ತಪ್ಪಾಯಿತೆನ್ನಿ. ಇಲ್ಲವಾದರೆ ಬರಿಯ ನೆನಪಿಗಾಗಿ ನಿಮ್ಮನ್ನು ನೀವು ದಂಡಿಸಿಕೊಳ್ಳಬೇಡಿ. ಅವರು ಮಾಡಿದ್ದು ಅನ್ಯಾಯವೇ. ಹೆಣ್ಣುಮಗು ಹುಟ್ಟಿತೆಂದು ಬಾಣಂತಿಯ ಮುಖ ನೋಡದೆ ಇದ್ದದ್ದು ಸಣ್ಣ ಮಾತಲ್ಲ. ಕ್ಷಮಿಸುವುದೆಂದರೆ ಅದನ್ನು ಸಣ್ಣದು ಮಾಡುವುದಲ್ಲ, ಅದರ ಸೇಡನ್ನು ಈ ಹಾಸಿಗೆಯ ಪಕ್ಕದಲ್ಲಿ ತೀರಿಸಿಕೊಳ್ಳದಿರುವುದು. ನೆನಪು ಬಂದಾಗಲೆಲ್ಲ ಆ ನಿರ್ಧಾರ ಮತ್ತೆ ಮಾಡಬೇಕಾದೀತು. ನೋವನ್ನು ದೇವರಿಗೆ ಒರಟು ಮಾತಿನಲ್ಲೇ ಹೇಳಿ. ಕೀರ್ತನೆಗಳಲ್ಲಿ ಎಷ್ಟೋ ಭಾಗ ದೂರು, ಗೋಳು, ಸಿಟ್ಟು, ಅವೂ ಪ್ರಾರ್ಥನೆಗಳೇ.

ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ‘ಎಲ್ಲ ನನ್ನದೇ’ ಎಂದು ಬರೆದಿದ್ದೀರಿ. ಯಾಕೆ? ಅವರು ನಿಮ್ಮ ಗಂಡನ ತಾಯಿ. ಹಾಸಿಗೆ ಹುಣ್ಣಾಗದಂತೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಮೂರು ವರ್ಷ ಹೀಗೆ ನಿದ್ದೆಗೆಟ್ಟವರಿಗೆ ಸ್ವಂತ ಮಕ್ಕಳ ಮೇಲೂ ಅಕ್ಕರೆ ಉಕ್ಕುವುದು ಕಷ್ಟ. ನೀವು ಭಕ್ತಿಯ ಕೊರತೆ ಅಂದುಕೊಂಡದ್ದರಲ್ಲಿ ಬಹುಪಾಲು ದಣಿವೇ ಇರಬಹುದೆಂದು ನನಗೆ ಅನಿಸುತ್ತದೆ. ಒಳ್ಳೆಯ ಸಮಾರ್ಯನನ್ನೇ ನೋಡಿ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ, ತನ್ನ ಪಶುವಿನ ಮೇಲೆ ಕೂರಿಸಿ ಛತ್ರಕ್ಕೆ ತಂದ, ಅಲ್ಲಿಯೂ ಆರೈಕೆ ಮಾಡಿದ. ಮರುದಿನ ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಇವನನ್ನು ನೋಡಿಕೋ, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆ ಎಂದ. ಉಳಿದ ಆರೈಕೆಯನ್ನು ಇನ್ನೊಬ್ಬನಿಗೆ ಒಪ್ಪಿಸಿದ್ದರಿಂದ ಅವನ ಪ್ರೀತಿ ಕಡಿಮೆಯಾಯಿತೆಂದು ಯೇಸು ಹೇಳಲಿಲ್ಲ.

ಹಾಗಾಗಿ ಈ ವಾರವೇ ಗಂಡನ ಜೊತೆ ಕೂತು ಮಾತಾಡಿ. ರಾತ್ರಿಯ ಪಾಳಿ ವಾರಕ್ಕೆ ಕೆಲವು ದಿನವಾದರೂ ಅವರದಾಗಲಿ. ಅವರಿಗೆ ಅಣ್ಣತಮ್ಮ, ಅಕ್ಕತಂಗಿಯರಿದ್ದರೆ ಹೋಮ್ ನರ್ಸಿನ ಖರ್ಚಿನಲ್ಲಿ ಪಾಲು ಕೇಳುವುದು ಅವರ ಕೆಲಸವೇ ಹೊರತು ನಿಮ್ಮದಲ್ಲ. ಮಹಿಳಾ ಕೂಟದಲ್ಲಿ ಮನಸ್ಸಿಗೆ ಹತ್ತಿರದವರು ಒಬ್ಬರಿಗೆ, ಗುಟ್ಟು ಕಾಯುವವರಿಗೆ, ಪತ್ರದಲ್ಲಿ ನನಗೆ ಬರೆದದ್ದನ್ನೇ ಹೇಳಿ. ವಾರಕ್ಕೊಂದು ಮಧ್ಯಾಹ್ನ ಅತ್ತೆಯ ಬಳಿ ಬಂದು ಕೂರಲು ಅವರನ್ನು ಕೇಳಿದರೂ ತಪ್ಪಿಲ್ಲ. ಎರಡು ಸಲ ಏಕೆ ಏಳಲಿಲ್ಲವೆಂದು ಸಭಾಪಾಲಕರಿಗೂ ತಿಳಿಸಿ. ಮುಂದಿನ ಕರ್ತನ ಭೋಜನಕ್ಕೆ ಎದ್ದು ಹೋಗಿ. ಗಂಡ ಏನೆಂದರು ಎಂದು ನನಗೆ ಬರೆಯಿರಿ. ಒಪ್ಪದಿದ್ದರೆ ಮುಂದೇನು ಎಂಬುದನ್ನು ಆಗ ಮಾತಾಡೋಣ.