ಕೋಳಿಗೊಬ್ಬರದ ರಾಶಿಯಲ್ಲಿ ಗಾಳಿಯ ಪಾತ್ರ

ಕೋಳಿಯ ಹಿಕ್ಕೆ ಸಾರಜನಕದಿಂದ ಸಮೃದ್ಧವಾದ ಗೊಬ್ಬರ. ಆದರೆ ಅದನ್ನು ರಾಶಿಹಾಕಿ ಕಳಿಯಿಸುವಾಗ ಈ ಸಾರಜನಕದ ಗಣ್ಯವಾದ ಭಾಗ ಅನಿಲರೂಪದಲ್ಲಿ ಹಾರಿಹೋಗುವುದುಂಟು. ರಾಶಿಯ ಬಳಿ ಸುಳಿದವರ ಕಣ್ಣನ್ನು ಉರಿಸುವ ಅಮೋನಿಯವೇ ಈ ನಷ್ಟಕ್ಕೆ ಸಾಕ್ಷಿ. ಚೆನ್ನಾಗಿ ಗಾಳಿಯಾಡಿಸಿದರೆ ಸಾಕು, ಈ ತೊಂದರೆ ತೊಲಗುವುದೆಂದು ಹಲವರು ಭಾವಿಸುತ್ತಾರೆ. ಇದು ಎಷ್ಟರಮಟ್ಟಿಗೆ ನಿಜವೆಂಬುದನ್ನು ವಿಚಾರಮಾಡೋಣ.

ಮೊದಲು ಗಾಳಿಯಿಲ್ಲದ ರಾಶಿಯನ್ನು ನೋಡೋಣ. ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಆದಕಾರಣ ಕಣಗಳ ನಡುವಣ ಸಂದುಗಳಲ್ಲಿ ನೀರು ತುಂಬಿಕೊಂಡರೆ ರಾಶಿಯ ಒಡಲು ಉಸಿರುಕಟ್ಟಿದಂತಾಗುತ್ತದೆ. ಆಗ ಆಮ್ಲಜನಕದ ಹಂಗಿಲ್ಲದೆ ಬಾಳುವ ಸೂಕ್ಷ್ಮಜೀವಿಗಳು ಬಲಗೊಂಡು, ಮಿಥೇನನ್ನೂ ಕೊಳೆತ ಮೊಟ್ಟೆಯ ನಾತವುಳ್ಳ ಜಲಜನಕದ ಸಲ್ಫೈಡನ್ನೂ ಉತ್ಪಾದಿಸುತ್ತವೆ. ನೂರು ವರ್ಷಗಳ ಅವಧಿಗೆ ಲೆಕ್ಕಹಾಕಿದರೆ, ಭೂಮಿಯನ್ನು ಬೆಚ್ಚಗಾಗಿಸುವುದರಲ್ಲಿ ಮಿಥೇನು ಅಷ್ಟೇ ತೂಕದ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 27 ಪಟ್ಟು ಪ್ರಬಲವಾದುದು.

ಗಾಳಿ ದೊರೆತರೆ ಚಿತ್ರ ಬದಲಾಗುತ್ತದೆ. ಆಮ್ಲಜನಕವನ್ನು ಬಳಸುವ ಜೀವಿಗಳು ಚುರುಕಾಗಿ, ರಾಶಿಯ ಉಷ್ಣತೆ 55ರಿಂದ 65 ಡಿಗ್ರಿ ಸೆಲ್ಸಿಯಸಿಗೆ ಏರುತ್ತದೆ. ಒಳಗಿನ ಬಿಸಿಯಾದ, ತೇವವುಳ್ಳ ಗಾಳಿ ಹೊರಗಿನ ಗಾಳಿಗಿಂತ ಹಗುರವಾದ್ದರಿಂದ ಮೇಲೇರುತ್ತದೆ. ತಂಪಾದ ಗಾಳಿ ಪಕ್ಕಗಳಿಂದ ಒಳಸೇರುತ್ತದೆ. ಮಿಥೇನು ತಗ್ಗುತ್ತದೆ.

ಆದರೆ ಇಲ್ಲೇ ಇನ್ನೊಂದು ತೊಡಕು. ಕೋಳಿಗಳು ವಿಸರ್ಜಿಸುವ ಯೂರಿಕ್ ಆಮ್ಲ ವಿಘಟನೆಗೊಂಡು ಅಮೋನಿಯವಾಗುತ್ತದೆ. ನೀರಿನಲ್ಲಿ ಇದರ ಒಂದಂಶ ಅಮೋನಿಯಂ ಅಯಾನಾಗಿ ನೆಲೆನಿಲ್ಲುತ್ತದೆ. ಉಳಿದದ್ದು ಮಾತ್ರ ಹಾರಬಲ್ಲದು. ಪಿಎಚ್ 8.5 ಇರುವ ತೆಳುವಾದ ದ್ರಾವಣದಲ್ಲಿ, 25 ಡಿಗ್ರಿಯಲ್ಲಿ, ಹೀಗೆ ಹಾರಬಲ್ಲ ಅಂಶ ಶೇಕಡಾ 15ರಷ್ಟು. 60 ಡಿಗ್ರಿಯಲ್ಲಿ ಅದು ಶೇಕಡಾ 60ನ್ನು ಮೀರುತ್ತದೆ. ಬೀಸುಗಾಳಿಯಲ್ಲಿ ಒದ್ದೆ ಬಟ್ಟೆ ಬೇಗ ಆರುವಂತೆ, ಗಾಳಿ ಹೆಚ್ಚಿದಷ್ಟೂ ಅಮೋನಿಯ ಹೊರಬೀಳುತ್ತದೆ. ಅತಿಯಾದ ಗಾಳಿ ರಾಶಿಯನ್ನು ಒಣಗಿಸಿ ತಣಿಸುವುದೂ ಉಂಟು. ಆವಿಯಾಗುವ ಪ್ರತಿಯೊಂದು ಗ್ರಾಂ ನೀರೂ ಸುಮಾರು 560 ಕೆಲೊರಿ ಶಾಖವನ್ನು ಒಯ್ಯುತ್ತದೆ. ಇನ್ನು ಗಾಳಿ ಕೆಲವೆಡೆ ಮಾತ್ರ ಹೊಕ್ಕು ಕೆಲವೆಡೆ ಹೊಗದಿದ್ದರೆ ನೈಟ್ರಸ್ ಆಕ್ಸೈಡ್ ಹುಟ್ಟಬಹುದು. ಭೂಮಿಯನ್ನು ಕಾಯಿಸುವುದರಲ್ಲಿ ಇದು ಮಿಥೇನಿಗಿಂತಲೂ ಹತ್ತುಪಟ್ಟು ಪ್ರಬಲ.

ಹಾಗಾದರೆ ಉಪಾಯವೇನು? ಹಿಕ್ಕೆಯಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು ಹತ್ತು ಪಾಲು ಮಾತ್ರ, ಕೆಲವೊಮ್ಮೆ ಅದಕ್ಕೂ ಕಡಮೆ, ಇಂಗಾಲವಿರುತ್ತದೆ. ಹುಲ್ಲು, ಒಣಗಿದ ಎಲೆ, ಮರದ ಹೊಟ್ಟು ಬೆರೆಸಿ ಇದನ್ನು 25ರಿಂದ 30 ಪಾಲಿಗೆ ಏರಿಸಿದರೆ, ಸೂಕ್ಷ್ಮಜೀವಿಗಳು ಬೆಳೆಯುತ್ತ ಸಾರಜನಕವನ್ನು ತಮ್ಮ ದೇಹದಲ್ಲೇ ಹಿಡಿದಿಡುತ್ತವೆ. ಈ ಮಿಶ್ರಣವು ರಾಶಿಯನ್ನು ಸಡಿಲಗೊಳಿಸುವುದರಿಂದ ಮಿತವಾದ ಗಾಳಿಯೇ ಎಲ್ಲೆಡೆ ಸಮನಾಗಿ ಹೊಗುತ್ತದೆ. ತೇವ ಶೇಕಡಾ 50ರಿಂದ 60ರಷ್ಟಿರಲಿ: ಹಿಡಿಯಷ್ಟನ್ನು ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು. ಮೇಲೆ ಹಳೆಯ, ಮಾಗಿದ ಗೊಬ್ಬರದ ಹೊದಿಕೆ ಹಾಕಿದರೆ ಹೊರಡುವ ಅಮೋನಿಯದ ಒಂದಂಶ ಅಲ್ಲಿಯೇ ಉಳಿಯುತ್ತದೆ.

ಆದುದರಿಂದ ಗಾಳಿಯನ್ನು ಜೀವಿಗಳ ಉಸಿರಿಗೆ ಬೇಕಾದಷ್ಟು ಮಾತ್ರ ಒದಗಿಸಬೇಕು. ಹೀಗೆ ರಾಶಿಯಲ್ಲಿ ಉಳಿಸಿಕೊಂಡ ಸಾರಜನಕವನ್ನು ರೈತನು ಮತ್ತೆ ಹಣತೆತ್ತು ಕೊಳ್ಳಬೇಕಾಗಿಲ್ಲ.