ಮಳೆನಾಡಿನ ಶಾಲೆಗೆ ಎಂಥ ಅಂಗಳ?

ಪ್ರಶ್ನೆ: ನಮ್ಮದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಅಂಗಳ ಇಳಿಜಾರು. ದಾನಿಗಳೊಬ್ಬರು ಹಣ ಕೊಡಲು ಮುಂದೆ ಬಂದಿದ್ದಾರೆ. ಜೆಸಿಬಿ ತರಿಸಿ ನೆಲ ಸಮ ಮಾಡಿಸಿ, ಜಾರುಬಂಡಿ, ಉಯ್ಯಾಲೆ ಹಾಕಿಸೋಣವೇ?
– ಶಿಕ್ಷಕಿ, ಮಡಿಕೇರಿ ತಾಲ್ಲೂಕು

ಉತ್ತರ: ಜೆಸಿಬಿ ಖಂಡಿತ ಬೇಡ, ಮೇಡಂ. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತ ಗುಡ್ಡಗಳು ಕುಸಿದ ಮೇಲೆ ಬಂದು ನೋಡಿದ ಭೂವಿಜ್ಞಾನಿಗಳು, ಅತಿಮಳೆಯ ಜೊತೆಗೆ ಮನೆ, ರಸ್ತೆಗಳಿಗಾಗಿ ಗುಡ್ಡ ಕಡಿದದ್ದನ್ನೂ ಕಾರಣವಾಗಿ ಹೇಳಿದ್ದರು. ಅಂಗಳಕ್ಕೆಂದು ಶಾಲೆಯ ಬೆನ್ನಿಗೆ ಬರೆ ಕಡಿದರೆ ಮೊದಲ ಅಪಾಯ ತರಗತಿಯ ಗೋಡೆಗೇ.

ಪುಟ್ಟ ಮಕ್ಕಳಿಗೆ ಇಳಿಜಾರಿಗಿಂತ ಒಳ್ಳೆಯ ಆಟದ ಸಾಮಾನಿಲ್ಲ. ಹತ್ತುವುದು, ಉರುಳುವುದು, ಓಡಿ ಇಳಿಯುವುದು ಎಲ್ಲ ಅಲ್ಲೇ ಇದೆ. ಜಾರುಬಂಡಿ ಬೇಕೆಂದರೆ ಅದನ್ನು ಇಳಿಜಾರಿನ ಮೈಗೇ ಒರಗಿಸಿ ಕೂರಿಸಿ. ಏಣಿ ಬೇಡ, ಎತ್ತರದಿಂದ ಬೀಳುವ ಭಯವೂ ಇಲ್ಲ. ಮೇಲ್ಬದಿಗೆ ನೀರು ಹೋಗಲು ಚರಂಡಿ ತೋಡಿಸಿ, ಕೆಳಬದಿಗೆ ಲಾವಂಚ ನೆಡಿಸಿ. ಅದರ ಬೇರು ಮಣ್ಣನ್ನು ಹಿಡಿದುಕೊಳ್ಳುತ್ತದೆ.

ಆದರೆ ನಿಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯದೇ ರಾಜ್ಯ. ಉಯ್ಯಾಲೆ ನೆನೆದು ತುಕ್ಕು ಹಿಡಿಯುತ್ತದೆ, ಮಕ್ಕಳು ಬೆಂಚಿಗೆ ಅಂಟಿಕೊಂಡಿರುತ್ತಾರೆ. ಹಾಗಾಗಿ ದುಡ್ಡು ಮೊದಲು ಸೂರಿಗೆ ಹೋಗಲಿ. ಕೊಡವರ ಹಿರಿಯರು ಐನ್‌ಮನೆಗೆ ಕಯ್ಯಾಲೆ ಕಟ್ಟಿದ್ದು ನೋಡಿ: ಬಿಡುಬೀಸಾದ ಜಗಲಿ, ಕಂಬಗಳ ನಡುವೆ ಕೂರಲು ದಪ್ಪ ಹಲಗೆಯ ಐಮರ. ಮಳೆಯನ್ನು ನೋಡುತ್ತಲೇ ಕೂತು ಕೆಲಸ ಮಾಡಬಹುದಾದ ಜಾಗ ಅದು. ಶಾಲೆಗೂ ಹತ್ತು ಹನ್ನೆರಡು ಅಡಿ ಅಗಲದ ಅಂಥ ಜಗಲಿ ಬೇಕು. ಮುಂಗಾರಿನ ಎರಚಲು ಬರುವುದು ನೈರುತ್ಯದಿಂದ. ಆದ್ದರಿಂದ ಜಗಲಿಯ ಬಾಯಿ ಪೂರ್ವಕ್ಕೋ ಉತ್ತರಕ್ಕೋ ಇರಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ಗುಂಪುಗೂಡಿ ನೆಲದ ಮೇಲೆ ಕೂತು ಕಲಿಯುತ್ತಾರೆ. ಆ ಗುಂಪುಗಳಿಗೂ ಈ ಜಾಗ ಒಗ್ಗುತ್ತದೆ.

ಸೂರಿನಾಚೆ, ಮರದ ಹನಿ ಬೀಳದ ತೆರೆದ ಕಡೆ, ನೇರ ಗೋಡೆಯ ಚಪ್ಪಟೆ ತಳದ ಡಬ್ಬಿಯೊಂದನ್ನು ಇಡಿಸಿ. ಎಷ್ಟು ಇಂಚು ಮಳೆ ಬಂತೆಂದು ಕಾಫಿ ತೋಟದವರು ದಿನವೂ ಬರೆದಿಡುತ್ತಾರಲ್ಲ, ಮಕ್ಕಳೂ ಬೆಳಿಗ್ಗೆ ಬಂದು ಸ್ಕೇಲ್ ಇಳಿಸಿ ಅಳೆಯಲಿ. ಡಬ್ಬಿ ದೊಡ್ಡದಾದರೂ ಚಿಕ್ಕದಾದರೂ ಇಂಚು ಏಕೆ ಒಂದೇ ಬರುತ್ತದೆ? ಅದನ್ನು ನೀವು ಹೇಳಬೇಡಿ. ಎರಡು ಡಬ್ಬಿ ಇಟ್ಟು ಅವರನ್ನೇ ಕೇಳಿ.

ಮರಳುಗುಂಡಿ ಮಾಡುವುದಾದರೆ ಅದೂ ಸೂರಿನಡಿಯೇ ಇರಲಿ, ತಳಕ್ಕೆ ಜಲ್ಲಿ ಹಾಕಿಸಿ. ಓಡಾಡುವ ದಾರಿಯ ತರಗೆಲೆ ಗುಡಿಸಿ ಹುಲ್ಲು ಕೊಚ್ಚಿಸಿದರೆ ಜಿಗಣೆ ಕಾಟ ಕಡಿಮೆಯಾಗುತ್ತದೆ.

ಎಸ್‌ಡಿಎಂಸಿ ಸಭೆಯಲ್ಲಿ ದಾನಿಗಳನ್ನೂ ಕೂರಿಸಿಕೊಂಡು ಮಾತಾಡಿ. ಹಣ ಒಂದೇ ಕೆಲಸಕ್ಕೆ ಸಾಲುವುದಾದರೆ ಜಾರುಬಂಡಿಯನ್ನು ಮುಂದಿನ ವರ್ಷಕ್ಕೆ ಬಿಟ್ಟು, ಮೇ ತಿಂಗಳು ಮುಗಿಯುವುದರೊಳಗೆ ಜಗಲಿಗೆ ಸೂರು ಹಾಕಿಸಿಬಿಡಿ.