ಮರ್ಯಾದೆ ಮತ್ತು ಭಕ್ತಿ: ಅಮೆರಿಕದ ದಕ್ಷಿಣ ಸೀಮೆಯ ಎರಡು ಸಣ್ಣಕಥೆಗಳು

ಅಮೆರಿಕನ್ ಸಾಹಿತ್ಯದಲ್ಲಿ ‘ದಕ್ಷಿಣ’ವೆಂದರೆ ದಕ್ಷಿಣ ಅಮೆರಿಕ ಖಂಡವಲ್ಲ, ಜಾರ್ಜಿಯ, ಅಲಬಾಮ, ವರ್ಜೀನಿಯ ಮೊದಲಾದ ಸಂಸ್ಥಾನಗಳ ಸೀಮೆ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು 1861ರಲ್ಲಿ ಯುದ್ಧಕ್ಕಿಳಿದು 1865ರಲ್ಲಿ ಸೋತ ಆ ಸೀಮೆಯು ಸೋಲಿನ ಬಳಿಕ ತನ್ನ ಮಾನದ ಭಾರವನ್ನೆಲ್ಲ ಬಿಳಿಯ ಹೆಣ್ಣಿನ ನಡತೆಯ ಮೇಲೆ ಹೊರಿಸಿತು. ಅಲ್ಲಿಯ ‘ಲೇಡಿ’ ಎಂಬ ಮಾತಿಗೆ ನಮ್ಮ ‘ಗರತಿ’ಯಷ್ಟೇ ತೂಕ. ಅವಳು ದನಿಯೆತ್ತಬಾರದು, ಮೊಗ ಬಾಡಿಸಬಾರದು, ಮನೆಯ ಗುಟ್ಟನ್ನು ಹೊರಗೆಡಹಬಾರದು. ಕಪ್ಪು ಹೆಂಗಸಿಗೆ ಈ ಹೆಸರೇ ಸಲ್ಲದು. ಆದರೆ ಯಜಮಾನಿಯ ಸೊಬಗು ನಿಂತದ್ದು ಅವಳ ದುಡಿಮೆಯ ಮೇಲೆಯೇ.

ಹಾರ್ಪರ್ ಲೀಯ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ (1960) ಓದಿದವರಿಗೆ ಚಹಾಕೂಟದ ಸನ್ನಿವೇಶ ನೆನಪಿರಬಹುದು. ಊರಿನ ಹೆಂಗಸರು ಆಫ್ರಿಕದ ಯಾವುದೋ ಬುಡಕಟ್ಟಿನ ಉದ್ಧಾರಕ್ಕಾಗಿ ಮರುಗುತ್ತಾರೆ. ಅದೇ ಬಾಯಲ್ಲಿ ತಮ್ಮೂರಿನ ಕಪ್ಪು ಜನರನ್ನು ಹಳಿಯುತ್ತಾರೆ. ನಿರಪರಾಧಿ ಟಾಮ್ ರಾಬಿನ್‌ಸನ್ ಗುಂಡಿಗೆ ಬಲಿಯಾದ ಸುದ್ದಿ ಅಡುಗೆಮನೆಗೆ ಬಂದಾಗ ಅಲೆಕ್ಸಾಂಡ್ರಾ ಅತ್ತೆ ಗಳಿಗೆಹೊತ್ತು ಕುಸಿದು, ಮತ್ತೆ ಮೊಗ ತಿದ್ದಿಕೊಂಡು ಅತಿಥಿಗಳ ಬಳಿಗೆ ಹೋಗುತ್ತಾಳೆ. ಪುಟ್ಟ ಸ್ಕೌಟಳೂ ತಿಂಡಿಯ ತಟ್ಟೆ ಹಿಡಿದು ಹೊರಡುತ್ತಾಳೆ. ದೇವರು ಹೀಗೆ ಪಡಸಾಲೆಯೊಳಗೇ ಇರುವತನಕ ಯಾರಿಗೂ ತೊಂದರೆಯಿಲ್ಲ. ಚರ್ಚಿಗೆ ಹೋದ ಹುಡುಗಿಗೆ ನಿಜವಾಗಿಯೇ ದೇವರ ಗೀಳು ಹಿಡಿದರೆ ಏನು ಗತಿ?

ಫ್ಲ್ಯಾನರಿ ಓ’ಕಾನರ್ (1925–1964) ಪ್ರಾಟೆಸ್ಟಂಟರೇ ತುಂಬಿದ್ದ ಜಾರ್ಜಿಯದ ಕ್ಯಾಥೊಲಿಕ್ ಲೇಖಕಿ. ಆಕೆಯ ‘ಎ ಟೆಂಪಲ್ ಆಫ್ ದಿ ಹೋಲಿ ಘೋಸ್ಟ್’ ಕಥೆ 1955ರ ಸಂಕಲನದಲ್ಲಿದೆ. ಕಥೆಯ ನಾಯಕಿಗೆ ಹನ್ನೆರಡು ವರ್ಷ. ಹೆಸರಿಲ್ಲ, ಹಲ್ಲಿಗೆ ತಂತಿ ಕಟ್ಟಿದೆ, ಬಾಯಿ ಬಲು ಹರಿತ. ಕಾನ್ವೆಂಟಿನಲ್ಲಿ ಓದುವ ಇಬ್ಬರು ದೊಡ್ಡ ಹುಡುಗಿಯರು ಅವಳ ಮನೆಗೆ ಬರುತ್ತಾರೆ. ಗಂಡಸು ಕಾರಿನಲ್ಲಿ ಸಭ್ಯತೆ ಮೀರಿದರೆ, ತಾನು ಪವಿತ್ರಾತ್ಮನ ದೇಗುಲವೆಂದು ಹೇಳಿ ಅವನನ್ನು ತಡೆಯಬೇಕೆಂದು ಸಂನ್ಯಾಸಿನಿಯೊಬ್ಬಳು ಅವರಿಗೆ ಉಪದೇಶಿಸಿದ್ದಾಳೆ. ಅವರು ಒಬ್ಬರನ್ನೊಬ್ಬರು ದೇಗುಲವೆಂದು ಕರೆದುಕೊಂಡು ಬಿದ್ದು ಬಿದ್ದು ನಗುತ್ತಾರೆ. ಚಿಕ್ಕವಳಿಗೆ ಮಾತ್ರ ನಗು ಬರುವುದಿಲ್ಲ. ಯಾರೋ ಉಡುಗೊರೆ ಕೊಟ್ಟಂತಾಗುತ್ತದೆ.

ಕಥೆಯ ಮರ್ಮವೆಲ್ಲ ಇಲ್ಲಿದೆಯೆಂದು ನನ್ನ ಎಣಿಕೆ. ಮಾತು ಒಂದೇ. ದೊಡ್ಡವರು ಅದನ್ನು ಮೈಕಾಪಿನ ಕಟ್ಟಳೆಯಾಗಿ ಕೇಳಿದರು, ಆದ್ದರಿಂದ ನಕ್ಕರು. ಇವಳು ಅದನ್ನು ತನ್ನನ್ನು ಕುರಿತ ಸತ್ಯವಾಗಿ ಕೇಳಿದಳು. ಸಂತಳಾಗಲು ತನ್ನ ಸುಳ್ಳು, ಜಂಬ, ಸೋಮಾರಿತನಗಳು ಬಿಡವು, ಬೇಗ ಕೊಲ್ಲುವುದಾದರೆ ಹುತಾತ್ಮಳಾಗಬಹುದು ಎಂದು ಲೆಕ್ಕಹಾಕುವ ಹುಡುಗಿ ಇವಳು! ಜಾತ್ರೆಯ ಡೇರೆಯಲ್ಲಿ ಗಂಡೂ ಹೆಣ್ಣೂ ಆದ ದೇಹವೊಂದನ್ನು ಕಾಸು ಪಡೆದು ತೋರಿಸುತ್ತಾರೆ. ದೇವರು ತನ್ನನ್ನು ಹೀಗೆ ಮಾಡಿದನೆಂದು ಆ ವ್ಯಕ್ತಿ ಒಪ್ಪಿಕೊಂಡ ವೃತ್ತಾಂತವನ್ನು ಕೇಳಿದ ಹುಡುಗಿ, ಆ ದೇಹವೂ ದೇಗುಲವೆಂದೇ ಬಗೆಯುತ್ತಾಳೆ. ‘ಲೇಡಿ’ಯ ಶಾಸ್ತ್ರದಲ್ಲಿ ಆ ದೇಹಕ್ಕೆ ಎಲ್ಲಿದೆ ಜಾಗ?

ಲೀ ಸ್ಮಿತ್ (ಜನನ 1944) ವರ್ಜೀನಿಯದ ಬೆಟ್ಟಸೀಮೆಯವಳು. ‘ಟಂಗ್ಸ್ ಆಫ್ ಫೈರ್’ ಕಥೆ ಆಕೆಯ 1990ರ ಸಂಕಲನದ್ದು. 1957ನೆಯ ಇಸವಿ, ಕ್ಯಾರೆನ್‌ಗೆ ಹದಿಮೂರು. ತಂದೆಯ ಮನಸ್ಸು ಕುಸಿದಿದೆ. ತಾಯಿ ಅದನ್ನು ಊರಿನಿಂದ ಮುಚ್ಚಿಟ್ಟು, ಏನೂ ಆಗಿಲ್ಲವೆಂಬಂತೆ ನಡೆದುಕೊಳ್ಳುತ್ತಾಳೆ. ಮಗಳೋ ದೇವರ ಆವೇಶದಲ್ಲಿ ಯಾರಿಗೂ ತಿಳಿಯದ ಭಾಷೆಯಲ್ಲಿ ನುಡಿಯತೊಡಗುತ್ತಾಳೆ. ತಾಯಿಯ ಕಣ್ಣಿಗೆ ಇದು ಪಾಪಕ್ಕಿಂತ ಕೀಳು, ಏಕೆಂದರೆ ಬಡವರ ಚರ್ಚುಗಳಲ್ಲಿ ನಡೆಯುವಂಥದು! ಇದ್ದ ಮಾತನ್ನು ಆಡಗೊಡದ ಮನೆಯಲ್ಲಿ ಹುಡುಗಿಗೆ ದಕ್ಕಿದ್ದು ಅರ್ಥವಾಗದ ಮಾತು. ಆದರೆ ಅದು ಅವಳದೇ ಮಾತು.

ವಯಸ್ಸಿನ ಹುಚ್ಚು ಎಂದು ಈ ಭಕ್ತಿಯನ್ನು ತಳ್ಳಿಹಾಕುವ ವಿಮರ್ಶೆ ನನಗೆ ಒಪ್ಪಿಗೆಯಿಲ್ಲ. ದೊಡ್ಡವಳಾದ ಕ್ಯಾರೆನ್ ತಾನೇ ನಗುತ್ತ ಕಥೆ ಹೇಳುತ್ತಾಳೆ, ನಿಜ. ಆ ನಗುವಿನಲ್ಲಿ ತಾತ್ಸಾರವಿಲ್ಲ. ಓ’ಕಾನರಳಿಗಂತೂ ದೇವರು ಇದ್ದೇ ಇದ್ದಾನೆ. ಕಾನ್ವೆಂಟಿನಲ್ಲಿ ಸಂನ್ಯಾಸಿನಿ ಅಪ್ಪಿಕೊಂಡಾಗ ಅವಳ ಶಿಲುಬೆ ಹುಡುಗಿಯ ಕೆನ್ನೆಗೆ ಒತ್ತುತ್ತದೆ. ಮರಳುವಾಗ, ಪಾದ್ರಿಗಳು ಜಾತ್ರೆಯನ್ನು ಮುಚ್ಚಿಸಿದ ಸುದ್ದಿ. ಹುಡುಗಿ ಏನನ್ನೂ ಹೇಳದೆ ಕಾರಿನ ಕಿಟಕಿಯಿಂದ ಮುಳುಗುವ ಕೆಂಪು ಸೂರ್ಯನನ್ನು ನೋಡುತ್ತಾಳೆ.